ಕೈಗೆ ಬಂದ ಯಂತ್ರಬಲ

ಬಡಗಿಯ ಬಿಲ್ಲುಬೈರಿಗೆಯನ್ನು ನಮ್ಮ ಹಿರಿಯರಲ್ಲಿ ಅನೇಕರು ಕಂಡಿರುವರು. ಒಂದು ಕೈಯಿಂದ ಬೈರಿಗೆಯ ನೆತ್ತಿಯನ್ನು ಅದುಮಿ ಹಿಡಿದು, ಮತ್ತೊಂದರಿಂದ ಬಿಲ್ಲನ್ನು ಹಿಂದಕ್ಕೂ ಮುಂದಕ್ಕೂ ಎಳೆದರೆ, ಸುತ್ತಿದ ಹಗ್ಗವು ಅದನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸುವುದು. ಕುಲುಮೆಗೂ ಮರಗೆಲಸಕ್ಕೂ ಬುಟ್ಟಿಯ ಹೆಣಿಗೆಗೂ ಹೆಸರಾದ ಊರಾಳಿ ಕುರುಮರು ಬಾಳುವ ವಯನಾಡಿನಲ್ಲಿ ಕೈಯ ಹದವೆಂದರೇನೆಂದು ಯಾರಿಗೂ ತಿಳಿಸಬೇಕಾಗಿಲ್ಲ. ಇಂದು ಬೇಗೂರಿನಲ್ಲಿ ಮನೆಯೊಂದು ಏಳುವಾಗ ಕೇಳಿಬರುವುದು ವಿದ್ಯುತ್ ಬೈರಿಗೆಯ ಸದ್ದು. ಅದು ಬಂದ ಬಗೆಯನ್ನೂ ಅದನ್ನು ಬಳಸಬೇಕಾದ ಬಗೆಯನ್ನೂ ಇಲ್ಲಿ ಸಂಗ್ರಹವಾಗಿ ವಿವರಿಸುವೆವು.

1889ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಅರ್ನಾಟ್ ಮತ್ತು ಬ್ರೇನ್ ಎಂಬವರು ವಿದ್ಯುತ್ ಬೈರಿಗೆಗೆ ಪೇಟೆಂಟ್ ಪಡೆದರು. 1895ರಲ್ಲಿ ಜರ್ಮನಿಯ ಫೈನ್ ಸಂಸ್ಥೆಯು ಅದನ್ನು ಕೈಯಲ್ಲಿ ಎತ್ತಿ ಹಿಡಿಯುವಂತೆ ಮಾಡಿತು. 1917ರಲ್ಲಿ ಅಮೇರಿಕದ ಬ್ಲ್ಯಾಕ್ ಮತ್ತು ಡೆಕರ್ ಇವರಿಗೆ, ಪಿಸ್ತೂಲಿನಂತಹ ಹಿಡಿಯೂ ಬೆರಳಿನಿಂದೊತ್ತುವ ಗುಂಡಿಯೂ ಉಳ್ಳ ಬೈರಿಗೆಯ ಪೇಟೆಂಟ್ ದೊರೆಯಿತು. ಅದೇ ಸಂಸ್ಥೆ 1961ರಲ್ಲಿ ತಂತಿಯಿಲ್ಲದೆ ಬ್ಯಾಟರಿಯಿಂದ ನಡೆಯುವ ಬೈರಿಗೆಯನ್ನು ಹೊರತಂದಿತು.

ಇದರೊಳಗಿನ ಚಿಕ್ಕ ಮೋಟಾರು ಅತಿವೇಗದಿಂದ ತಿರುಗುವುದು. ಆದರೆ ಅದರ ತಿರುಚುವ ಬಲ ಅಲ್ಪ. ಹಲ್ಲುಗಾಲಿಗಳು ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವುವು. ಬಿಲ್ಲುಬೈರಿಗೆಯಂತೆ ಹಿಂದೆ ಮುಂದೆ ಆಡದೆ ಒಂದೇ ದಿಕ್ಕಿಗೆ ಸುತ್ತುವುದರಿಂದ ಶ್ರಮವೂ ಕಾಲವೂ ಉಳಿಯುವುವು.

ಆದರೆ ಕೆಲಸದ ವೇಗ ಹೆಚ್ಚಿದಾಗ ಅಪಾಯದ ವೇಗವೂ ಹೆಚ್ಚುವುದೆಂಬುದಕ್ಕೆ ಕೋಲಾರದ ಚಿನ್ನದ ಗಣಿಯೇ ಸಾಕ್ಷಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ತಲುಪಿತು. ನೆಲದಾಳದಲ್ಲಿ ಕೆಲಸಗಾರರು ಒತ್ತಿದ ಗಾಳಿಯಿಂದ ನಡೆಯುವ ಬೈರಿಗೆಗಳನ್ನು ಹಿಡಿದು ಬಂಡೆ ಕೊರೆಯುತ್ತಿದ್ದರು. ಉಳಿ ಸುತ್ತಿಗೆಗಳಿಂದ ದಿನಗಟ್ಟಲೆ ನಡೆಯುವ ಕೆಲಸ ಬೇಗನೆ ಮುಗಿಯಿತು. ಅದರೊಡನೆ ಕಣ್ಣಿಗೆ ಕಾಣದಷ್ಟು ನವುರಾದ ಕಲ್ಲಿನ ಧೂಳೂ ಎದ್ದಿತು. ಈ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಅದನ್ನು ಗಡುಸುಗೊಳಿಸುವುದು. ಇದೇ ಸಿಲಿಕೋಸಿಸ್, ಒಮ್ಮೆ ಬಂದರೆ ಗುಣವಾಗದ ರೋಗ. 1940ರ ದಶಕದಲ್ಲಿ ಅಲ್ಲಿ ನಡೆದ ತಪಾಸಣೆಯಲ್ಲಿ, ಪರೀಕ್ಷೆಗೊಳಗಾದವರಲ್ಲಿ ನೂರಕ್ಕೆ 40ಕ್ಕೂ ಮಿಕ್ಕಿ ಜನರಲ್ಲಿ ಇದು ಕಂಡುಬಂದಿತು. ಇದಕ್ಕೆ ಪರಿಹಾರ ಸರಳವಾದುದು: ಟೊಳ್ಳಾದ ಕೊರೆಗಂಬಿಯ ಮೂಲಕ ನೀರು ಹಾಯಿಸಿದರೆ ಧೂಳು ಕೆಸರಾಗಿ ಹರಿದುಹೋಗುವುದು. 2001ರಲ್ಲಿ ಗಣಿ ಮುಚ್ಚಿತು, ಪಾಠವು ಮುಚ್ಚಲಿಲ್ಲ.

ಇಂದು ಗ್ರಾನೈಟ್ ಹಲಗೆಯನ್ನು ಒಣದಾಗಿ ಕತ್ತರಿಸುವ ನಮ್ಮ ತರುಣನು ಉಸಿರಾಡುವುದೂ ಅದೇ ಬಗೆಯ ಧೂಳನ್ನು. ಮುಖಕ್ಕೆ ಸುತ್ತಿದ ಟವಲು ಅದನ್ನು ತಡೆಯದು. ನೀರು ಹಾಯಿಸಿ ಕತ್ತರಿಸಲೆಂದೇ ಮಾಡಿದ ಉಪಕರಣವನ್ನೂ ಧೂಳು ತಡೆಯುವ ಸರಿಯಾದ ಮುಖಕವಚವನ್ನೂ ಬಳಸಬೇಕು. ಬಿಲ್ಲೆಯ ಮೇಲಿನ ಕಾಪನ್ನು ತೆಗೆಯಬಾರದು. ಅಲಗನ್ನು ಬದಲಿಸುವ ಮುನ್ನ ಪ್ಲಗ್ಗನ್ನೋ ಬ್ಯಾಟರಿಯನ್ನೋ ಕಳಚಬೇಕು. ಚೌಕದೊಳಗೆ ಚೌಕದ ಗುರುತಿದ್ದರೆ ಆ ಉಪಕರಣಕ್ಕೆ ಇಮ್ಮಡಿ ವಿದ್ಯುನ್ನಿರೋಧವುಂಟು. ಲೋಹದ ಮೈಯುಳ್ಳ ಉಳಿದವುಗಳಿಗೆ ಅರ್ಥ್ ತಂತಿ ಅವಶ್ಯ.

ಉಳಿ ಹಿಡಿಯುವುದನ್ನು ತಂದೆ ಮಗನಿಗೆ ವರ್ಷಗಟ್ಟಲೆ ಕಲಿಸುತ್ತಿದ್ದನು. ವಿದ್ಯುತ್ ಉಪಕರಣವನ್ನಾದರೋ ಕೊಂಡ ದಿನವೇ ಕೆಲಸಕ್ಕೆ ಹಚ್ಚುವೆವು. ಶಾಲೆಯನ್ನು ಬಿಟ್ಟು ಕಸುಬಿಗೆ ಇಳಿಯುವ ನಮ್ಮ ಮಕ್ಕಳಿಗೆ ಗುಂಡಿಯೊತ್ತುವ ಮೊದಲು ಈ ನಾಲ್ಕು ಮಾತುಗಳನ್ನು ಹೇಳಿಕೊಡುವ ಹೊಣೆ ನಮ್ಮೆಲ್ಲರದು.