ನಾಲಿಗೆಯ ಹುಣ್ಣು: ಮೂರು ವಾರ ಮೀರದಿರಲಿ

ಬಸವಕಲ್ಯಾಣ, ಹುಮನಾಬಾದ ಭಾಗದ ಅನೇಕರು ನಾಲಿಗೆಯ ಹುಣ್ಣನ್ನು ಉಷ್ಣವೆಂದೇ ಬಗೆದು ನಮ್ಮಲ್ಲಿಗೆ ಬರುತ್ತಾರೆ. ವರ್ಷಗಳ ಹಿಂದೆ, ತಂಬಾಕು ಸೇವಿಸುತ್ತಿದ್ದ ಹುಮನಾಬಾದ ಕಡೆಯ ರೈತರೊಬ್ಬರಿಗೆ ನಾವೂ ಹಾಗೆಯೇ ತಿಳಿದು ಎರಡು ತಿಂಗಳು ಖದಿರಾದಿ ವಟಿಯನ್ನು ಕೊಟ್ಟೆವು. ಅಷ್ಟರಲ್ಲಿ ಅವರ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಆ ಎರಡು ತಿಂಗಳ ಭಾರ ಇಂದಿಗೂ ನಮ್ಮ ಮೇಲಿದೆ.

ಸುಶ್ರುತಾಚಾರ್ಯರು ಐದು ಜಿಹ್ವಾರೋಗಗಳನ್ನು ಹೇಳಿ, ಅವುಗಳಲ್ಲಿ ‘ಅಲಸ’ವನ್ನು ಅಸಾಧ್ಯವೆಂದರು. ಸಾಧ್ಯಾಸಾಧ್ಯತೆಯನ್ನು ಮೊದಲು ಅರಿಯುವ ಈ ಕ್ರಮಕ್ಕೆ ಆಧುನಿಕ ವೈದ್ಯರು ಅಳತೆಗಳನ್ನು ಬಳಸುತ್ತಾರೆ. ಗಡ್ಡೆ 2 ಸೆಂ.ಮೀ. ಮೀರದೆ, 5 ಮಿ.ಮೀ.ಗಿಂತ ಆಳಕ್ಕಿಳಿಯದೆ, ಎಲ್ಲಿಯೂ ಹರಡದಿದ್ದರೆ ಮೊದಲ ಹಂತ. 4 ಸೆಂ.ಮೀ. ಮೀರಿದರೆ ಅಥವಾ ಕುತ್ತಿಗೆಯ ಗ್ರಂಥಿಯನ್ನು ತಲುಪಿದರೆ ಕನಿಷ್ಠ ಮೂರನೆಯದು. ದವಡೆಯ ಮೂಳೆಯನ್ನು ಕೊರೆದರೆ ಅಥವಾ ದೂರದ ಅಂಗಕ್ಕೆ ಹರಡಿದರೆ ನಾಲ್ಕನೆಯದು.

ಗ್ರಂಥಿಗೆ ಹರಡಿದರೆ ಬದುಕುಳಿಯುವ ಸಂಭವ ಸುಮಾರು ಅರ್ಧಕ್ಕಿಳಿಯುತ್ತದೆ. ಮುಂಬಯಿಯ ಟಾಟಾ ಆಸ್ಪತ್ರೆಯವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರಂಭದ ಹಂತದ ಬಾಯಿ ಕ್ಯಾನ್ಸರಿಗೆ ಗಡ್ಡೆಯೊಡನೆಯೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಸಿಕೊಂಡವರಲ್ಲಿ ಶೇ. 80ರಷ್ಟು ಜನ ಮೂರು ವರ್ಷದ ನಂತರವೂ ಬದುಕಿದ್ದರು. ಗಂಟು ಕಾಣುವವರೆಗೆ ಕಾದವರಲ್ಲಿ ಶೇ. 67.5.

ಆದ್ದರಿಂದ ಬಂಧುಗಳೇ, ಮೂರು ವಾರದಲ್ಲಿ ಮಾಯದ ಹುಣ್ಣಿಗೆ ನಮ್ಮ ಗುಳಿಗೆಯನ್ನು ನೆಚ್ಚಿ ಕೂಡಬೇಡಿರಿ. ನೋವಿಲ್ಲದಿದ್ದರೂ ಬೀದರ ಅಥವಾ ಕಲಬುರಗಿಗೆ ಹೋಗಿ ತುಣುಕು ಪರೀಕ್ಷೆ ಮಾಡಿಸಿರಿ. ಸೂಜಿ, ಕತ್ತರಿ ತಾಗಿದರೆ ರೋಗ ಹರಡೀತೆಂಬ ಭಯಕ್ಕೆ ಆಧಾರವಿಲ್ಲ. ತಂಬಾಕು, ಗುಟ್ಕಾಗಳನ್ನು ಇಂದೇ ಬಿಡಿರಿ. ಬೇಗ ಬಂದವರಿಗೆ ಇದು ಸಾಧ್ಯರೋಗ.