ಜಾಲನಾಮದ ಒಡೆತನ

ಪ್ರಶ್ನೆ: ನೇಕಾರನೊಬ್ಬನ ಅಂಗಡಿಯ ಹೆಸರುಳ್ಳ ಅಂತರ್ಜಾಲ ವಿಳಾಸವನ್ನು ಬೇರೊಬ್ಬರು ಮೊದಲೇ ನೋಂದಾಯಿಸಿ, ದುಬಾರಿ ಬೆಲೆಗೆ ಮಾರುವುದು ನ್ಯಾಯವೇ? — ಓದುಗರೊಬ್ಬರು, ಇಳಕಲ್

ಉತ್ತರ: ಅಂತರ್ಜಾಲದಲ್ಲಿ ಒಂದೇ ವಿಳಾಸವು ಇಬ್ಬರಿಗೆ ದೊರೆಯದು, ಮೊದಲು ಶುಲ್ಕ ತೆತ್ತು ನೋಂದಾಯಿಸಿದವರಿಗೇ ಅದು ಸಲ್ಲುವುದಲ್ಲದೆ, ಆ ವೇಳೆಯಲ್ಲಿ ಅವರ ಉದ್ದೇಶವನ್ನು ಸಾಮಾನ್ಯವಾಗಿ ಯಾರೂ ಪರೀಕ್ಷಿಸರು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬಾಡಿಗೆ ಕೊಟ್ಟು ಮೂಲೆಯ ಜಾಗವನ್ನು ಹಿಡಿದವನು ಅದನ್ನು ಲಾಭಕ್ಕೆ ಬಿಟ್ಟುಕೊಟ್ಟರೆ ವ್ಯಾಪಾರವೆನಿಸೀತು. ಆತನೇ ಅಲ್ಲಿ ಹುನಗುಂದದ ಹೆಸರಾಂತ ಅಂಗಡಿಯ ಫಲಕವನ್ನು ತೂಗುಹಾಕಿ, ಹಣ ಕೊಟ್ಟರೆ ಇಳಿಸುವೆನೆಂದರೆ ಪರರ ಕೀರ್ತಿಯ ಅಪಹರಣವೇ ಸರಿ. ‘ಸೀರೆ’, ‘ರೇಷ್ಮೆ’ಯಂತಹ ಸಾಮಾನ್ಯ ಪದಗಳ ವಿಳಾಸಗಳನ್ನು ಮಾರುವುದು ಮೊದಲನೆಯ ಬಗೆ, ತಾವು ಕೇಳಿದುದು ಎರಡನೆಯದು.

ಈ ವಿವೇಚನೆಗೆ ನಮ್ಮ ರಾಜ್ಯದಿಂದಲೇ ಹೊರಟ ಮೊಕದ್ದಮೆಯೊಂದು ಆಧಾರವಾಗಿದೆ. ‘ಸಿಫಿ’ ಎಂಬ ಹೆಸರಿಗಾಗಿ ಸತ್ಯಂ ಇನ್ಫೋವೇ ಸಂಸ್ಥೆಯು ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಹೂಡಿದ ದಾವೆಯು ಉಚ್ಚ ನ್ಯಾಯಾಲಯದಲ್ಲಿ ಸೋತು, 2004ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದಿತು. ಜಾಲನಾಮವೂ ವ್ಯಾಪಾರಚಿಹ್ನೆಯಂತೆ ರಕ್ಷಣಾರ್ಹವೆಂದು ಆಗ ನಿರ್ಣಯವಾಯಿತು.

ಈಗ ‘.ಇನ್’ ವಿಳಾಸಗಳ ವ್ಯಾಜ್ಯಗಳನ್ನು, ಆ ವಿಳಾಸಗಳ ಉಸ್ತುವಾರಿ ಹೊತ್ತ ನಿಕ್ಸಿ ಸಂಸ್ಥೆಯು ನೇಮಿಸುವ ಮಧ್ಯಸ್ಥರು ವಿಚಾರಿಸುತ್ತಾರೆ. ಹೆಸರು ಭ್ರಮೆ ಹುಟ್ಟಿಸುವಷ್ಟು ಹೋಲುತ್ತದೆಂದೂ, ಎದುರಾಳಿಗೆ ನ್ಯಾಯಸಮ್ಮತ ಹಿತವಿಲ್ಲವೆಂದೂ, ದುರುದ್ದೇಶವಿದೆಯೆಂದೂ ದೂರುದಾರನೇ ತೋರಿಸಬೇಕು. ಇದು ಯುಕ್ತವೇ, ಇಲ್ಲವಾದರೆ ದೊಡ್ಡ ಸಂಸ್ಥೆಗಳು, ತನ್ನ ಹೆಸರನ್ನೇ ಪ್ರಾಮಾಣಿಕವಾಗಿ ಇಟ್ಟುಕೊಂಡ ಬಾಗಲಕೋಟೆಯ ಸಣ್ಣ ವರ್ತಕನಿಂದಲೂ ವಿಳಾಸವನ್ನು ಕಸಿದುಕೊಂಡಾವು. ಇಳಕಲ್ಲಿನ ನೇಕಾರ ಬಂಧುಗಳು ತಮ್ಮ ಅಂಗಡಿಯ ಹೆಸರನ್ನು ಇಂದೇ ನೋಂದಾಯಿಸಿ, ಪ್ರತಿವರ್ಷವೂ ತಪ್ಪದೆ ನವೀಕರಿಸಿಕೊಳ್ಳಲಿ.