ವಿದ್ಯುನ್ಮಾನ ಉಪಕರಣಗಳಲ್ಲಿ ವಿಷದ್ರವ್ಯಗಳ ಮಿತಿ: ಒಂದು ಸಾಕ್ಷ್ಯವಿಚಾರ

ಕಳೆದ ವರ್ಷ ವಿದ್ಯಾರ್ಥಿಗಳೊಡನೆ ನಾವು ಕೈಗೊಂಡ ಶಾಸನಾಧ್ಯಯನ ಪ್ರವಾಸವು ಅರಸೀಕೆರೆಯಿಂದ ಆರಂಭವಾಯಿತು. ಅಲ್ಲಿಯ ಈಶ್ವರ ದೇವಾಲಯವನ್ನು ನೋಡಿಕೊಂಡು ಬಂದ ಸಂಜೆ, ಬೇಲೂರು ಹಳೇಬೀಡುಗಳ ಶಾಸನಚಿತ್ರಗಳನ್ನು ತೋರಿಸಬೇಕೆಂದಿರುವಾಗಲೇ ಪ್ರೊಜೆಕ್ಟರಿನ ಅಡಾಪ್ಟರು ಕೆಟ್ಟುಹೋಯಿತು. ಪೇಟೆಯ ಅಂಗಡಿಯೊಂದರಲ್ಲಿ ಹೊಸದನ್ನು ಕೊಂಡು, ಹಳೆಯದನ್ನು ಅಲ್ಲಿಯೇ ಬಿಟ್ಟುಬಂದೆವು. ಹೊಸದರ ಮೇಲೆ ಮಾಡಿದವರ ಹೆಸರಾಗಲಿ ಊರಾಗಲಿ ಇರಲಿಲ್ಲ. ಮರುದಿನ ಬೇಲೂರಿನಲ್ಲಿ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಮದನಿಕೆಯರ ಪೀಠಗಳಲ್ಲಿ ಕೆತ್ತಿರುವ ಹೆಸರುಗಳನ್ನು ಓದುತ್ತಿದ್ದಾಗ ವಿದ್ಯಾರ್ಥಿಯೊಬ್ಬನು, ಒಂಬತ್ತು ಶತಮಾನಗಳ ಹಿಂದಿನ ವಿಗ್ರಹಕ್ಕೆ ಮಾಡಿದವನ ಹೆಸರಿದೆ, ನಿನ್ನೆ ಕೊಂಡ ಪೆಟ್ಟಿಗೆಗೆ ಏಕಿಲ್ಲ ಎಂದು ಕೇಳಿದನು. ವಿನೋದಕ್ಕೆ ಕೇಳಿದ ಪ್ರಶ್ನೆಯಾದರೂ, ಅದರ ಉತ್ತರವನ್ನು ಅರಸಹೊರಟ ನಮಗೆ ಇತಿಹಾಸದ ಅಭ್ಯಾಸಿಗೆ ಅಪರಿಚಿತವಲ್ಲದ ಸಾಕ್ಷ್ಯದ ಸಮಸ್ಯೆಯೇ ಎದುರಾಯಿತು.

ಮೊದಲು ನಿಯಮದ ಸ್ವರೂಪವನ್ನು ಹೇಳಬೇಕು. ಯೂರೋಪಿಯನ್ ಒಕ್ಕೂಟವು 2003ರಲ್ಲಿ ಹೊರಡಿಸಿ 2006ರ ಜುಲೈ 1ರಿಂದ ಅನ್ವಯಿಸಿದ ‘ರೋಹ್ಸ್’ ನಿರ್ದೇಶನವು ಆರು ದ್ರವ್ಯಗಳಿಗೆ ಮಿತಿಯನ್ನು ಗೊತ್ತುಮಾಡಿತು: ಸೀಸ, ಪಾದರಸ, ಕ್ಯಾಡ್ಮಿಯಂ, ಹೆಕ್ಸಾವೇಲೆಂಟ್ ಕ್ರೋಮಿಯಂ, ಮತ್ತು ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತದಂತೆ ಬೆರೆಸುತ್ತಿದ್ದ ಎರಡು ಬಗೆಯ ಬ್ರೋಮಿನ್ ಸಂಯುಕ್ತಗಳು. 2019ರಲ್ಲಿ ಇವುಗಳೊಡನೆ ನಾಲ್ಕು ಥ್ಯಾಲೇಟುಗಳು ಸೇರಿದವು. ಭಾರತದಲ್ಲಿ 2011ರ ವಿದ್ಯುನ್ಮಾನ ತ್ಯಾಜ್ಯ ನಿಯಮಗಳು ಮೊದಲಿನ ಆರು ದ್ರವ್ಯಗಳನ್ನೇ ಸ್ವೀಕರಿಸಿದವು. ಈ ಮಿತಿಗಳು 2014ರ ಮೇ 1ರಿಂದ ಜಾರಿಗೆ ಬಂದು, 2016ರ ಮತ್ತು 2022ರ ನಿಯಮಗಳಲ್ಲಿ ಮುಂದುವರಿದಿವೆ. ಕ್ಯಾಡ್ಮಿಯಮ್ಮಿಗೆ ತೂಕದಲ್ಲಿ ಶೇಕಡಾ 0.01, ಉಳಿದ ಐದಕ್ಕೆ ಶೇಕಡಾ 0.1 ಎಂಬುದು ಮಿತಿ.

ಶೇಕಡಾ 0.1 ಎಂದರೆ ಯಾವುದರಲ್ಲಿ? ಇಡೀ ಉಪಕರಣದ ತೂಕದಲ್ಲಿ ಎಂದು ನಾವೂ ಮೊದಲು ಭಾವಿಸಿದ್ದೆವು. ಅದು ಹಾಗಲ್ಲ. ಏಕರೂಪವಾದ, ಯಾಂತ್ರಿಕವಾಗಿ ಇನ್ನು ಬೇರ್ಪಡಿಸಲಾಗದ ಪ್ರತಿಯೊಂದು ವಸ್ತುವಿನಲ್ಲಿ ಎಂಬುದೇ ಅದರ ಅರ್ಥ. ತಂತಿಯ ತಾಮ್ರ ಬೇರೆ, ಅದರ ಹೊದಿಕೆ ಬೇರೆ, ತುದಿಯ ಬೆಸುಗೆ ಬೇರೆ. 500 ಗ್ರಾಂ ತೂಗುವ ಉಪಕರಣವೊಂದರಲ್ಲಿ 1 ಗ್ರಾಂ ಹಳೆಯ ಬಗೆಯ ಬೆಸುಗೆ ಇದೆಯೆಂದು ಇಟ್ಟುಕೊಳ್ಳೋಣ. ಆ ಬೆಸುಗೆಯಲ್ಲಿ 63 ಪಾಲು ತವರ, 37 ಪಾಲು ಸೀಸ. ಇಡೀ ಉಪಕರಣಕ್ಕೆ ಸೀಸವನ್ನು ಹಂಚಿದರೆ ಬರುವುದು ಶೇಕಡಾ 0.074, ಮಿತಿಯೊಳಗೇ ಇದೆ ಎನ್ನಬೇಕಾಗುತ್ತದೆ. ಬೆಸುಗೆಯೊಂದನ್ನೇ ನೋಡಿದರೆ ಶೇಕಡಾ 37. ನಿಯಮವು ಎರಡನೆಯ ಲೆಕ್ಕವನ್ನೇ ಒಪ್ಪುವುದರಿಂದ ಆ ಉಪಕರಣವು ತಿರಸ್ಕಾರಯೋಗ್ಯವಾಗುತ್ತದೆ. ಇದರ ಫಲವಾಗಿ ಕಾರ್ಖಾನೆಗಳು 183 ಡಿಗ್ರಿಯಲ್ಲಿ ಕರಗುತ್ತಿದ್ದ ಬೆಸುಗೆಯನ್ನು ಬಿಟ್ಟು, ಸುಮಾರು 217 ಡಿಗ್ರಿಯಲ್ಲಿ ಕರಗತೊಡಗುವ ತವರ, ಬೆಳ್ಳಿ, ತಾಮ್ರಗಳ ಮಿಶ್ರಣವನ್ನು ಹಿಡಿಯಬೇಕಾಯಿತು. ಆ ಶಾಖವನ್ನು ತಾಳಬಲ್ಲ ಬಿಡಿಭಾಗಗಳೂ ಬೇಕಾದವು. ವಿನಾಯಿತಿಗಳೂ ಉಂಟು: ಹಳೆಯ ದೂರದರ್ಶನದ ಚಿತ್ರನಳಿಕೆಯ ಗಾಜಿನಲ್ಲಿ ಸೀಸಕ್ಕೆ ಅವಕಾಶವಿತ್ತು.

ನೂರಾರು ಬಿಡಿಭಾಗಗಳುಳ್ಳ ಉಪಕರಣದಲ್ಲಿ ಪ್ರತಿಯೊಂದು ವಸ್ತುವನ್ನೂ ಮಾರುವವನೇ ಪರೀಕ್ಷಿಸುವುದು ಆಗದ ಮಾತು. ಆದುದರಿಂದ ಅವನು ಬಿಡಿಭಾಗ ಕೊಟ್ಟವನಿಂದ, ಅವನು ಕಚ್ಚಾವಸ್ತು ಕೊಟ್ಟವನಿಂದ, ಹೀಗೆ ಹಿಂದುಹಿಂದಕ್ಕೆ ಹೇಳಿಕೆಗಳನ್ನು ಪಡೆಯುತ್ತಾನೆ. ಈ ಸರಪಣಿಯಲ್ಲಿ ಒಂದು ಕೊಂಡಿ ಸಡಿಲಿದರೆ ಏನಾಗುವುದೆಂಬುದಕ್ಕೆ 2001ರ ಡಿಸೆಂಬರಿನ ಪ್ರಸಂಗವು ಪ್ರಸಿದ್ಧವಾಗಿದೆ. ಸೋನಿ ಸಂಸ್ಥೆಯ ಆಟದ ಯಂತ್ರಗಳ ಕೇಬಲ್ಲುಗಳಲ್ಲಿ ತಮ್ಮ ದೇಶದ ಮಿತಿಯನ್ನು ಮೀರಿದ ಕ್ಯಾಡ್ಮಿಯಂ ಕಂಡುಬಂದುದರಿಂದ ನೆದರ್ಲೆಂಡ್ಸಿನ ಅಧಿಕಾರಿಗಳು ಸುಮಾರು 13 ಲಕ್ಷ ಯಂತ್ರಗಳನ್ನು ತಡೆಹಿಡಿದರು. ದೋಷವಿದ್ದುದು ಯಂತ್ರದಲ್ಲಲ್ಲ, ತಂತಿಯಲ್ಲಿ.

ಹೇಳಿಕೆಯನ್ನು ವಸ್ತುವಿನೊಡನೆ ಹೋಲಿಸಿ ನೋಡದೆ ನಂಬುವುದು ನಮ್ಮ ಶಾಸ್ತ್ರದಲ್ಲಿ ಸಲ್ಲದು. ಬೇಲೂರಿನ ಶಿಲ್ಪವೆಲ್ಲ ಜಕಣಾಚಾರಿಯದೆಂಬ ಕಥೆ ಜನಜನಿತವಾಗಿದ್ದರೂ ನಾವು ಪೀಠದ ಅಕ್ಷರಗಳನ್ನೇ ಕೇಳುತ್ತೇವೆ. ಇಲ್ಲಿಯೂ ಅಂತಹುದೊಂದು ಉಪಾಯವುಂಟು. ಪ್ರಾಚೀನ ನಾಣ್ಯಗಳನ್ನೂ ಕಂಚಿನ ವಿಗ್ರಹಗಳನ್ನೂ ಕೆಡಿಸದೆ ಪರೀಕ್ಷಿಸಲು ಬಳಸುವ ಕ್ಷಕಿರಣ ಪ್ರತಿದೀಪ್ತಿಯ ವಿಧಾನದಿಂದಲೇ ಬೆಸುಗೆಯ ಸೀಸವನ್ನು ಕೆಲವು ನಿಮಿಷಗಳಲ್ಲಿ ಗುರುತಿಸಬಹುದು. ಆದರೆ ಈ ವಿಧಾನವು ಮೂಲಧಾತುವನ್ನು ತಿಳಿಸುವುದೇ ಹೊರತು ಅದು ಯಾವ ಸಂಯುಕ್ತದಲ್ಲಿದೆಯೆಂಬುದನ್ನು ತಿಳಿಸದು. ಕ್ರೋಮಿಯಂ ಕಂಡರೆ ಅದು ನಿಷಿದ್ಧವಾದ ಬಗೆಯದೋ ನಿರಪಾಯವಾದ ಲೇಪನದ್ದೋ ಎಂದು ರಾಸಾಯನಿಕ ಪರೀಕ್ಷೆಯೇ ನಿರ್ಣಯಿಸಬೇಕು.

ಇನ್ನು ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ನಿಯಮದ ಪ್ರಕಾರ ‘ಉತ್ಪಾದಕ’ನೆಂದರೆ ಕಾರ್ಖಾನೆಯವನು ಮಾತ್ರವಲ್ಲ, ತನ್ನ ಹೆಸರಿನಲ್ಲಿ ಮಾರುವವನೂ ಆಮದು ಮಾಡಿಕೊಳ್ಳುವವನೂ ಹೌದು. ಉಪಕರಣದ ಕೈಪಿಡಿಯಲ್ಲಿ ಅನುಸರಣೆಯ ಘೋಷಣೆಯನ್ನು ಅವನೇ ಕೊಡಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಮಾರುಕಟ್ಟೆಯಿಂದ ಮಾದರಿಯನ್ನು ತೆಗೆದು ಪರೀಕ್ಷಿಸಿದರೆ ಅದರ ವೆಚ್ಚವೂ ಅವನದು. ತಪ್ಪು ಕಂಡರೆ ಸರಕನ್ನು ಹಿಂತೆಗೆದುಕೊಳ್ಳಬೇಕಾದವನೂ ಅವನೇ. ಹೆಸರಿಲ್ಲದ ಪೆಟ್ಟಿಗೆಯಿಂದ ಈ ಕರ್ತವ್ಯಗಳಲ್ಲಿ ಒಂದನ್ನೂ ಕೇಳುವಂತಿಲ್ಲ. ಅದರೊಳಗೆ ಸೀಸವಿದೆಯೆಂದು ನಾವು ಹೇಳುತ್ತಿಲ್ಲ, ಇಲ್ಲವೆಂದು ಹೇಳುವವರೂ ಯಾರೂ ಇಲ್ಲ.

ಇದರ ಪರಿಣಾಮ ಕಾಣುವುದು ಬಳಸುವವರ ಮನೆಯಲ್ಲಿ ಅಲ್ಲ. ಗಟ್ಟಿಯಾಗಿ ಕುಳಿತ ಬೆಸುಗೆಯ ಸೀಸವು ಮೇಜಿನ ಮೇಲಿರುವಷ್ಟು ಕಾಲ ಯಾರಿಗೂ ಕೇಡು ಮಾಡದು. ರಿಪೇರಿಯವನಿಗೂ ಬೆಸುಗೆಯ ಹೊಗೆಗಿಂತ, ತೊಳೆಯದ ಕೈಯಲ್ಲಿ ಉಣ್ಣುವುದೇ ಹೆಚ್ಚು ಅಪಾಯ. ತಾಮ್ರಕ್ಕಾಗಿ ತಂತಿಗಳನ್ನು ಬಯಲಿನಲ್ಲಿ ಸುಡುವವರ, ಸುತ್ತ ಆಡುವ ಮಕ್ಕಳ ಮಾತು ಬೇರೆ. ಬೂದಿ ಮಳೆಯೊಡನೆ ಕೆರೆಗೆ ಹರಿಯುತ್ತದೆ. ಅರಸಿಯ ಹೆಸರಿನ ಕೆರೆಯಿಂದಲೇ ಹೆಸರು ಪಡೆದ ಊರಿನಲ್ಲಿ, ದ್ವಾರಸಮುದ್ರವೆಂಬ ಕೆರೆಯ ದಂಡೆಯಲ್ಲಿ ರಾಜಧಾನಿ ಕಟ್ಟಿದ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಬಿಟ್ಟುಬಂದ ಹಳೆಯ ಅಡಾಪ್ಟರು ಎಲ್ಲಿಗೆ ಹೋಯಿತೋ ತಿಳಿಯದು. ಅಧಿಕೃತ ಪುನರ್ಬಳಕೆ ಘಟಕಗಳಲ್ಲಿ ಮೊದಲನೆಯದು 2005ರಲ್ಲಿ ಆರಂಭವಾದದ್ದು ದಾಬಸ್‌ಪೇಟೆಯಲ್ಲಿ, ನಾವು ತುಮಕೂರಿನ ಮೇಲೆ ಬೆಂಗಳೂರಿಗೆ ಹಿಂದಿರುಗಿದ ದಾರಿಯಲ್ಲಿಯೇ. ಈಚೆಗೆ ನಮ್ಮ ವಿಭಾಗವು ಉಪಕರಣಗಳನ್ನು ತರಿಸುವ ಪತ್ರದಲ್ಲಿ ಉತ್ಪಾದಕನ ಹೆಸರು, ಅನುಸರಣೆಯ ಘೋಷಣೆ, ಹಳೆಯದನ್ನು ಮರಳಿ ಪಡೆಯುವ ಕ್ರಮ, ಈ ಮೂರನ್ನೂ ಕೇಳುತ್ತಿದೆ. ಇಬ್ಬರು ವರ್ತಕರು ಉತ್ತರವನ್ನೇ ಬರೆಯಲಿಲ್ಲ. ಅರಸೀಕೆರೆಯಲ್ಲಿ ಕೊಂಡ ಅಡಾಪ್ಟರು ಇಂದಿಗೂ ಚೆನ್ನಾಗಿಯೇ ಕೆಲಸ ಮಾಡುತ್ತಿದೆ.